ಗಾಮಾ ಕಿರಣ ಸ್ಫೋಟಗಳ ಉತ್ತರದೀಪ್ತಿ ಮತ್ತು ಆತಿಥೇಯ ಗೆಲಾಕ್ಸಿಗಳು

ಗಾಮಾ ಕಿರಣ ಸ್ಫೋಟವು ದೂರದ ಗೆಲಾಕ್ಸಿಯೊಂದರಲ್ಲಿ ಸಂಭವಿಸಿ, ಕೆಲವು ಮಿಲಿಸೆಕೆಂಡುಗಳಿಂದ ಹಲವು ನಿಮಿಷಗಳವರೆಗೆ ಗಾಮಾ ಕಿರಣಗಳನ್ನು ಹೊರಸೂಸುವ ಅತ್ಯಂತ ಪ್ರಬಲ ಘಟನೆ. ಸ್ಫೋಟ ಅಡಗಿದ ಬಳಿಕವೂ ಅದೇ ಸ್ಥಳದಲ್ಲಿ ಕ್ಷ-ಕಿರಣ, ಗೋಚರ ಬೆಳಕು ಮತ್ತು ರೇಡಿಯೋ ತರಂಗಗಳ ರೂಪದಲ್ಲಿ ಉಳಿದು ಕ್ರಮೇಣ ಕ್ಷೀಣಿಸುವ ಪ್ರಕಾಶವನ್ನು ಉತ್ತರದೀಪ್ತಿ ಅಥವಾ ಆಫ್ಟರ್‌ಗ್ಲೋ ಎನ್ನುತ್ತಾರೆ. ಸ್ಫೋಟವು ಯಾವ ಗೆಲಾಕ್ಸಿಯಲ್ಲಿ ನಡೆಯಿತೋ ಅದು ಆತಿಥೇಯ ಗೆಲಾಕ್ಸಿ. ಗಾಮಾ ಕಿರಣಗಳಿಂದ ಸ್ಫೋಟದ ದಿಕ್ಕು ಸ್ಥೂಲವಾಗಿ ಮಾತ್ರ ತಿಳಿಯುತ್ತದೆ; ಅದರ ನಿಖರ ಸ್ಥಾನ, ದೂರ ಮತ್ತು ಮೂಲವನ್ನು ತಿಳಿಯಲು ಉತ್ತರದೀಪ್ತಿಯನ್ನೂ ಆತಿಥೇಯ ಗೆಲಾಕ್ಸಿಯನ್ನೂ ಅಧ್ಯಯನ ಮಾಡಬೇಕಾಗುತ್ತದೆ. ಭಾರತದಲ್ಲಿ ಈ ವೀಕ್ಷಣೆಯ ಮುಖ್ಯ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ.

ಇತಿಹಾಸ

ಅಣ್ವಸ್ತ್ರ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಮೊದಲ ಸ್ಫೋಟವನ್ನು ದಾಖಲಿಸಿದವು. ವಿಷಯ ಬಹಿರಂಗವಾದದ್ದು 1973ರಲ್ಲಿ. ಮುಂದಿನ ಇಪ್ಪತ್ತನಾಲ್ಕು ವರ್ಷಗಳ ಕಾಲ ಇವು ಎಷ್ಟು ದೂರದಲ್ಲಿವೆ ಎಂಬ ಮೂಲಭೂತ ಪ್ರಶ್ನೆಗೇ ಉತ್ತರವಿರಲಿಲ್ಲ. 1991ರಲ್ಲಿ ಕಕ್ಷೆಗೇರಿದ ಕಾಂಪ್ಟನ್ ವೀಕ್ಷಣಾಲಯವು 2700ಕ್ಕೂ ಹೆಚ್ಚು ಸ್ಫೋಟಗಳನ್ನು ಗುರುತಿಸಿ, ಅವು ಆಕಾಶದ ಎಲ್ಲ ದಿಕ್ಕುಗಳಲ್ಲೂ ಸಮನಾಗಿ ಹರಡಿವೆ ಎಂದು ತೋರಿಸಿತು. ಅವು ಕ್ಷೀರಪಥದ ತಟ್ಟೆಗೆ ಸೇರಿದ್ದರೆ ಆಕಾಶದಲ್ಲಿ ಒಂದು ಪಟ್ಟಿಯಂತೆ ಕಾಣಬೇಕಿತ್ತು. ಆದರೂ ಅವು ನಮ್ಮ ಗೆಲಾಕ್ಸಿಯನ್ನು ಸುತ್ತುವರಿದ ವಿಶಾಲ ಪ್ರಭಾವಲಯಕ್ಕೆ ಸೇರಿದವೇ, ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯವೇ ಎಂಬ ವಿವಾದ ಬಗೆಹರಿಯಲಿಲ್ಲ.

ಬಗೆಹರಿದದ್ದು 1997ರಲ್ಲಿ. ಆ ವರ್ಷದ ಫೆಬ್ರವರಿ 28ರ ಸ್ಫೋಟದ ಕ್ಷ-ಕಿರಣ ಉತ್ತರದೀಪ್ತಿಯನ್ನು ಬೆಪ್ಪೊಸ್ಯಾಕ್ಸ್ ಉಪಗ್ರಹ ಕಂಡುಹಿಡಿಯಿತು; ಅದೇ ಸ್ಥಳದಲ್ಲಿ ಮಂಕಾಗುತ್ತಿದ್ದ ಗೋಚರ ಬೆಳಕಿನ ಚುಕ್ಕೆಯನ್ನು ಯಾನ್ ವಾನ್ ಪಾರಾಡೈಸ್ ಅವರ ತಂಡ ಲಾ ಪಾಲ್ಮಾ ದ್ವೀಪದ ದೂರದರ್ಶಕದ ಚಿತ್ರಗಳಲ್ಲಿ ಗುರುತಿಸಿತು. ಮೇ 8ರಂದು ಮತ್ತೊಂದು ಸ್ಫೋಟವಾಯಿತು. ಮಾರ್ಕ್ ಮೆಟ್ಜ್‌ಗರ್ ಮತ್ತು ಕ್ಯಾಲ್ಟೆಕ್ ಸಂಸ್ಥೆಯ ಅವರ ಸಹೋದ್ಯೋಗಿಗಳು ಹವಾಯಿಯ ಕೆಕ್ ದೂರದರ್ಶಕದಿಂದ ಅದರ ಉತ್ತರದೀಪ್ತಿಯ ರೋಹಿತವನ್ನು ಪಡೆದು, ಆ ಬೆಳಕು ಕನಿಷ್ಠ 700 ಕೋಟಿ ವರ್ಷಗಳಷ್ಟು ಹಳೆಯದೆಂದು ತೋರಿಸಿದರು. ಹುಬ್ಬಳ್ಳಿಯಲ್ಲಿ ಬೆಳೆದ ಖಗೋಳವಿಜ್ಞಾನಿ ಶ್ರೀನಿವಾಸ ಕುಲಕರ್ಣಿ ಈ ತಂಡದ ಪ್ರಮುಖ ಸದಸ್ಯರಲ್ಲಿ ಒಬ್ಬರು. ಮೂರು ದಶಕಗಳ ಚರ್ಚೆಗೆ ತೆರೆ ಎಳೆದದ್ದು ಒಂದೇ ಒಂದು ರೋಹಿತ.

ಉತ್ತರದೀಪ್ತಿ ಉಂಟಾಗುವ ಬಗೆ

ಎರಡು ಸೆಕೆಂಡುಗಳಿಗಿಂತ ಹೆಚ್ಚು ಕಾಲ ಬಾಳುವ ದೀರ್ಘ ಸ್ಫೋಟಗಳಲ್ಲಿ ಹೆಚ್ಚಿನವು ಬೃಹತ್ ನಕ್ಷತ್ರದ ಒಡಲು ಕುಸಿದಾಗ ಉಂಟಾಗುತ್ತವೆ. ಅದಕ್ಕಿಂತ ಚಿಕ್ಕವು ಸಾಮಾನ್ಯವಾಗಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದಾಗ ಸಂಭವಿಸುತ್ತವೆ. ಈ ಗಡಿ ಕಟ್ಟುನಿಟ್ಟಾದುದಲ್ಲ: 2021ರ ಡಿಸೆಂಬರ್ 11ರ ಸ್ಫೋಟ ದೀರ್ಘವಾಗಿದ್ದರೂ ವಿಲೀನದ ಕುರುಹುಗಳನ್ನೇ ತೋರಿಸಿತು. ಎರಡೂ ಬಗೆಗಳಲ್ಲಿ ಕೇಂದ್ರದಿಂದ ಬೆಳಕಿನ ವೇಗಕ್ಕೆ ಅತ್ಯಂತ ಸಮೀಪದ ವೇಗದಲ್ಲಿ ಕಿರಿದಾದ ಚಿಲುಮೆಯೊಂದು ಚಿಮ್ಮುತ್ತದೆ. ಚಿಲುಮೆಯೊಳಗಿನ ಪ್ರಕ್ರಿಯೆಗಳಿಂದ ಗಾಮಾ ಕಿರಣಗಳು ಹುಟ್ಟುತ್ತವೆ. ಬಳಿಕ ಅದು ಸುತ್ತಲಿನ ವಿರಳ ಅನಿಲಕ್ಕೆ ಅಪ್ಪಳಿಸಿ ಆಘಾತ ತರಂಗವನ್ನು ಎಬ್ಬಿಸುತ್ತದೆ. ಅಲ್ಲಿ ವೇಗೋತ್ಕರ್ಷಗೊಂಡ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತ ಸಿಂಕ್ರೊಟ್ರಾನ್ ವಿಕಿರಣವನ್ನು ಹೊರಸೂಸುತ್ತವೆ. ಇದೇ ಉತ್ತರದೀಪ್ತಿ.

ಆಘಾತ ತರಂಗ ನಿಧಾನಗೊಂಡಂತೆ ಬೆಳಕೂ ಕುಗ್ಗುತ್ತದೆ. ಕಾಲ ಹತ್ತು ಪಟ್ಟಾದಾಗ ಪ್ರಕಾಶ ಸುಮಾರು ಹದಿನೈದು ಪಟ್ಟು ಕಡಿಮೆಯಾಗುವುದು ಸಾಮಾನ್ಯ. ಖಗೋಳಶಾಸ್ತ್ರದ ಕಾಂತಿಮಾನದ ಅಳತೆಯಲ್ಲಿ ಇದು ಮೂರು ಅಂಕಗಳ ಇಳಿಕೆ. ಸ್ಫೋಟವಾದ ಒಂದು ಗಂಟೆಗೆ 17ನೇ ಕಾಂತಿಮಾನದ ಚುಕ್ಕೆ ಹತ್ತನೆಯ ಗಂಟೆಗೆ 20ಕ್ಕೂ, ನಾಲ್ಕು ದಿನಗಳಲ್ಲಿ 23ಕ್ಕೂ ಇಳಿದಿರುತ್ತದೆ. ಮೊದಲ ಗಂಟೆಯಲ್ಲಿ ಸಣ್ಣ ದೂರದರ್ಶಕಕ್ಕೆ ಸಾಧ್ಯವಾಗುವ ಕೆಲಸಕ್ಕೆ ನಾಲ್ಕನೆಯ ದಿನ ಬೃಹತ್ ದೂರದರ್ಶಕವೇ ಬೇಕು. ಕೆಲವು ದಿನಗಳ ನಂತರ ಇಳಿಕೆ ಇದ್ದಕ್ಕಿದ್ದಂತೆ ಕಡಿದಾಗುವುದೂ ಉಂಟು. ಚಿಲುಮೆಯ ಅಂಚು ವೀಕ್ಷಕನಿಗೆ ಗೋಚರಿಸತೊಡಗಿದಾಗ ಹೀಗಾಗುತ್ತದೆ. ಈ ತಿರುವು ಯಾವಾಗ ಬಂತೆಂಬುದರಿಂದ ಚಿಲುಮೆಯ ಅಗಲವನ್ನೂ, ಅದರಿಂದ ಸ್ಫೋಟದ ನಿಜವಾದ ಶಕ್ತಿಯನ್ನೂ ಲೆಕ್ಕಹಾಕುತ್ತಾರೆ.

ವೀಕ್ಷಣೆಯ ಕ್ರಮ

2004ರ ನವೆಂಬರ್‌ನಲ್ಲಿ ಉಡಾವಣೆಯಾದ ಸ್ವಿಫ್ಟ್ ಉಪಗ್ರಹವು ಸ್ಫೋಟವನ್ನು ಗುರುತಿಸಿದೊಡನೆ ತಾನಾಗಿ ಅತ್ತ ತಿರುಗಿ, ತನ್ನ ಕ್ಷ-ಕಿರಣ ದೂರದರ್ಶಕದಿಂದ ಕೆಲವೇ ಆರ್ಕ್‌ಸೆಕೆಂಡುಗಳ ನಿಖರತೆಯ ಸ್ಥಾನವನ್ನು ಭೂಮಿಗೆ ಕಳುಹಿಸುತ್ತದೆ. ಈ ಸೂಚನೆ ಅಂತರಜಾಲದ ಮೂಲಕ ಜಗತ್ತಿನ ವೀಕ್ಷಣಾಲಯಗಳನ್ನು ತಲಪುತ್ತದೆ. ವೀಕ್ಷಕರು ಆ ಭಾಗದ ಚಿತ್ರ ತೆಗೆದು ಹಳೆಯ ಆಕಾಶ ಸಮೀಕ್ಷೆಗಳ ಚಿತ್ರದೊಂದಿಗೆ ಹೋಲಿಸುತ್ತಾರೆ. ಹೊಸ ಚುಕ್ಕೆ ಕಂಡ ಮಾತ್ರಕ್ಕೆ ಅದು ಉತ್ತರದೀಪ್ತಿ ಎನ್ನಲಾಗದು. ಅದು ಕ್ಷುದ್ರಗ್ರಹವೋ ಜ್ವಾಲೆಯೆಬ್ಬಿಸಿದ ಹತ್ತಿರದ ನಕ್ಷತ್ರವೋ ಆಗಿರಬಹುದು. ಕೆಲವು ಗಂಟೆಗಳ ಬಳಿಕ ತೆಗೆದ ಎರಡನೆಯ ಚಿತ್ರದಲ್ಲಿ ಚುಕ್ಕೆ ಅಲ್ಲಿಯೇ ಇದ್ದು ನಿರೀಕ್ಷೆಯಂತೆ ಮಂಕಾಗಿದ್ದರೆ ಮಾತ್ರ ಖಚಿತ.

ಮುಂದಿನ ಹೆಜ್ಜೆ ರೋಹಿತ. ಉತ್ತರದೀಪ್ತಿಯ ಬೆಳಕು ತನ್ನ ಗೆಲಾಕ್ಸಿಯ ಅನಿಲದ ಮೂಲಕ ಹಾದು ಬರುವಾಗ ಮೆಗ್ನೀಸಿಯಮ್, ಕಬ್ಬಿಣ ಮುಂತಾದ ಧಾತುಗಳು ನಿರ್ದಿಷ್ಟ ತರಂಗದೂರಗಳನ್ನು ಹೀರಿಕೊಳ್ಳುತ್ತವೆ. ವಿಶ್ವದ ವಿಸ್ತರಣೆಯಿಂದ ಈ ಕಪ್ಪು ಗೆರೆಗಳು ಕೆಂಪಿನ ಕಡೆಗೆ ಸರಿದಿರುತ್ತವೆ. ಪ್ರಯೋಗಾಲಯದಲ್ಲಿ 279.6 ನ್ಯಾನೊಮೀಟರಿನಲ್ಲಿ ಕಾಣುವ ಮೆಗ್ನೀಸಿಯಮ್ ಗೆರೆ 1997ರ ಮೇ ಸ್ಫೋಟದಲ್ಲಿ ಸುಮಾರು 513 ನ್ಯಾನೊಮೀಟರಿಗೆ ಸರಿದಿತ್ತು. ಎರಡರ ಅನುಪಾತ 1.835, ಅದರಿಂದ ಒಂದನ್ನು ಕಳೆದರೆ ಬರುವ 0.835 ಕೆಂಪು ಪಲ್ಲಟದ ಮೌಲ್ಯ. ಇಲ್ಲಿ ಒಂದು ಸೂಕ್ಷ್ಮವಿದೆ. ಬೆಳಕನ್ನು ಹೀರಿದ ಅನಿಲ ನಡುದಾರಿಯ ಬೇರೊಂದು ಗೆಲಾಕ್ಸಿಗೆ ಸೇರಿರಲೂಬಹುದಾದ್ದರಿಂದ, ಹೀರಿಕೆಯ ಗೆರೆಗಳು ಕನಿಷ್ಠ ದೂರವನ್ನಷ್ಟೇ ಹೇಳುತ್ತವೆ. ಉತ್ತರದೀಪ್ತಿ ಆರಿದ ಮೇಲೆ ಆತಿಥೇಯ ಗೆಲಾಕ್ಸಿಯದೇ ಉತ್ಸರ್ಜನ ಗೆರೆಗಳನ್ನು ಅಳೆದಾಗ ಸಂಶಯ ನೀಗುತ್ತದೆ. ಮೇ ಸ್ಫೋಟದ ವಿಷಯದಲ್ಲೂ ಹೀಗೆಯೇ ಆಯಿತು, ಮತ್ತು ಮೌಲ್ಯ ಬದಲಾಗಲಿಲ್ಲ.

ಆತಿಥೇಯ ಗೆಲಾಕ್ಸಿಗಳು

ದೀರ್ಘ ಸ್ಫೋಟಗಳ ಆತಿಥೇಯರು ಹೆಚ್ಚಾಗಿ ಚಿಕ್ಕ, ನೀಲಿ ಛಾಯೆಯ, ಆಕಾರ ಕೆಟ್ಟ ಗೆಲಾಕ್ಸಿಗಳು. ಅವುಗಳಲ್ಲಿ ಹೊಸ ನಕ್ಷತ್ರಗಳು ಭರದಿಂದ ಹುಟ್ಟುತ್ತಿರುತ್ತವೆ. ಹೀಲಿಯಮ್‌ಗಿಂತ ಭಾರವಾದ ಧಾತುಗಳು ಕಡಿಮೆ. ಸ್ಫೋಟದ ಸ್ಥಾನವೂ ಬಹುಪಾಲು ಗೆಲಾಕ್ಸಿಯ ಅತ್ಯಂತ ಪ್ರಕಾಶಮಾನ ಭಾಗದ ಮೇಲೆಯೇ ಬೀಳುತ್ತದೆ. ಬೃಹತ್ ನಕ್ಷತ್ರ ಹುಟ್ಟಿದ ಕೆಲವೇ ದಶಲಕ್ಷ ವರ್ಷಗಳಲ್ಲಿ, ಹುಟ್ಟಿದ ಜಾಗದಿಂದ ದೂರ ಸರಿಯುವ ಮೊದಲೇ ಸಾಯುತ್ತದೆ ಎಂಬುದಕ್ಕೆ ಇದು ಹೊಂದುತ್ತದೆ. ಹ್ರಸ್ವ ಸ್ಫೋಟಗಳ ನಡವಳಿಕೆ ಬೇರೆ. ಅವು ಹೊಸ ನಕ್ಷತ್ರಗಳು ಬಹುತೇಕ ಹುಟ್ಟದ ಮುದಿ ಗೆಲಾಕ್ಸಿಗಳಲ್ಲೂ, ಗೆಲಾಕ್ಸಿಯ ಹೊರ ಅಂಚಿನಲ್ಲೂ ಕಾಣಿಸುತ್ತವೆ. ಗುರುತ್ವ ತರಂಗಗಳೊಂದಿಗೆ ಬಂದ 2017ರ ಆಗಸ್ಟ್ 17ರ ಹ್ರಸ್ವ ಸ್ಫೋಟದ ಆತಿಥೇಯ, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993, ಅಂಥ ಹಳೆಯ ಗೆಲಾಕ್ಸಿಗಳಲ್ಲೊಂದು.

ಕ್ಷ-ಕಿರಣದಲ್ಲಿ ಸ್ಪಷ್ಟವಾಗಿದ್ದರೂ ಗೋಚರ ಬೆಳಕಿನಲ್ಲಿ ಏನೂ ಕಾಣದ ಸ್ಫೋಟಗಳೂ ಇವೆ. ಕೆಲವಲ್ಲಿ ಆತಿಥೇಯ ಗೆಲಾಕ್ಸಿಯ ಧೂಳು ಬೆಳಕನ್ನು ನುಂಗಿರುತ್ತದೆ. ಇನ್ನು ಕೆಲವು ಎಷ್ಟು ದೂರದವೆಂದರೆ ಅವುಗಳ ಬೆಳಕು ಪೂರ್ತಿ ಅವಕೆಂಪಿಗೆ ಸರಿದಿರುತ್ತದೆ. 2009ರ ಏಪ್ರಿಲ್ 23ರ ಸ್ಫೋಟದ ಕೆಂಪು ಪಲ್ಲಟ ಸುಮಾರು 8.2, ಅದು ನಡೆದಾಗ ವಿಶ್ವಕ್ಕೆ ಇನ್ನೂ ಸುಮಾರು 63 ಕೋಟಿ ವರ್ಷ ವಯಸ್ಸು.

ಕರ್ನಾಟಕದಿಂದ ವೀಕ್ಷಣೆ

ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ವೀಕ್ಷಕರು ಅಲ್ಲಿಗೆ ಹೋಗುವ ಅಗತ್ಯವಿಲ್ಲ. ಬೆಂಗಳೂರಿನ ಹೊರವಲಯದ ಹೊಸಕೋಟೆಯಲ್ಲಿರುವ ಸಂಸ್ಥೆಯ ಕ್ರೆಸ್ಟ್ ಆವರಣದಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ ಅದನ್ನು ನಡೆಸುವ ವ್ಯವಸ್ಥೆ 2001ರಿಂದಲೂ ಇದೆ. ದೂರದರ್ಶಕದ ನಿರ್ಮಾಣದಲ್ಲಿ ತೊಡಗಿದವರಲ್ಲಿ ಜಿ. ಸಿ. ಅನುಪಮಾ ಪ್ರಮುಖರು. ಒಮ್ಮೆಗೆ ಇದು ನೋಡುವ ಆಕಾಶದ ಭಾಗ ಹುಣ್ಣಿಮೆಯ ಚಂದ್ರನ ಅಗಲದ ಮೂರನೆಯ ಒಂದರಷ್ಟು. ಸ್ವಿಫ್ಟ್ ನೀಡುವ ಸ್ಥಾನಕ್ಕೆ ಅಷ್ಟು ಧಾರಾಳವಾಗಿ ಸಾಕು. ಹಾನ್ಲೆಯ ರೇಖಾಂಶಕ್ಕೂ ಬೆಲೆಯಿದೆ: ಕೆನರಿ ದ್ವೀಪಗಳಿಗೂ ಪೂರ್ವ ಆಸ್ಟ್ರೇಲಿಯಕ್ಕೂ ನಡುವೆ ದೊಡ್ಡ ದೂರದರ್ಶಕಗಳು ವಿರಳ. ಆ ತೆರಪಿನಲ್ಲಿ ಇಳಿಯುತ್ತಿರುವ ಬೆಳಕನ್ನು ಭಾರತದಿಂದ ಅಳೆಯದಿದ್ದರೆ ದತ್ತಾಂಶದಲ್ಲಿ ಹಲವು ಗಂಟೆಗಳ ಕಂದಕ ಉಳಿಯುತ್ತದೆ.

2003ರ ಮಾರ್ಚ್ 29ರ ಸ್ಫೋಟ ಇದಕ್ಕೆ ಒಳ್ಳೆಯ ನಿದರ್ಶನ. ಭಾರತದಲ್ಲಿ ಅದು ಸಂಜೆ 5 ಗಂಟೆ 7 ನಿಮಿಷಕ್ಕೆ ದಾಖಲಾಯಿತು. ಕತ್ತಲಾಗುವ ಹೊತ್ತಿಗೆ ಉತ್ತರದೀಪ್ತಿ 13ನೇ ಕಾಂತಿಮಾನದ ಆಸುಪಾಸಿನಲ್ಲಿತ್ತು. ಹಾನ್ಲೆಯ ದೂರದರ್ಶಕ ಮತ್ತು ಪುಣೆ ಬಳಿಯ ಬೃಹತ್ ರೇಡಿಯೋ ದೂರದರ್ಶಕದ ಮಾಪನಗಳನ್ನು ಒಟ್ಟುಗೂಡಿಸಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರನ್ನು ಒಳಗೊಂಡ ತಂಡ ಚಿಲುಮೆಯ ರಚನೆಯನ್ನು ವಿಶ್ಲೇಷಿಸಿತು. ಏಪ್ರಿಲ್‌ನಲ್ಲಿ ಅದೇ ಸ್ಥಳದಲ್ಲಿ ಸೂಪರ್‌ನೋವಾ 2003ಡಿಎಚ್ ಕಾಣಿಸಿಕೊಂಡು, ದೀರ್ಘ ಸ್ಫೋಟಗಳಿಗೂ ಬೃಹತ್ ನಕ್ಷತ್ರಗಳ ಸಾವಿಗೂ ಇರುವ ನಂಟು ಸ್ಥಿರಪಟ್ಟಿತು. ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ 2015ರಿಂದ 600ಕ್ಕೂ ಹೆಚ್ಚು ಸ್ಫೋಟಗಳನ್ನು ಪತ್ತೆಮಾಡಿದೆ. ಹಾನ್ಲೆಯಲ್ಲಿ 70 ಸೆಂಟಿಮೀಟರಿನ ಗ್ರೋತ್-ಇಂಡಿಯಾ ಸ್ವಯಂಚಾಲಿತ ದೂರದರ್ಶಕವೂ ಈಗ ಇದೇ ಕೆಲಸದಲ್ಲಿದೆ.

ಮೈಸೂರಿನ ಆಕಾಶದಲ್ಲಿ

ಮೈಸೂರು ಮತ್ತು ಹಾನ್ಲೆಗಳ ರೇಖಾಂಶಗಳಲ್ಲಿ ಎರಡೂಕಾಲು ಡಿಗ್ರಿಯಷ್ಟೇ ವ್ಯತ್ಯಾಸ. ಹಾನ್ಲೆಯ ಮಧ್ಯಾಹ್ನರೇಖೆಯನ್ನು ದಾಟಿದ ಕಾಯ ಸುಮಾರು ಒಂಬತ್ತು ನಿಮಿಷಗಳಲ್ಲಿ ಮೈಸೂರಿನದನ್ನೂ ದಾಟುತ್ತದೆ. ಈವರೆಗೆ ದಾಖಲಾದವುಗಳಲ್ಲೇ ಅತ್ಯಂತ ಪ್ರಖರವಾದ 2022ರ ಅಕ್ಟೋಬರ್ 9ರ ಸ್ಫೋಟದ ಗಾಮಾ ಕಿರಣಗಳು ಭೂಮಿಯನ್ನು ಮುಟ್ಟಿದ್ದು ಭಾರತೀಯ ಕಾಲಮಾನ ಸಂಜೆ 6 ಗಂಟೆ 47 ನಿಮಿಷಕ್ಕೆ. ಆ ಗಳಿಗೆಯಲ್ಲಿ ಸ್ಫೋಟದ ಸ್ಥಾನ ಮೈಸೂರಿನ ನೆತ್ತಿಯಿಂದ ಹತ್ತು ಡಿಗ್ರಿಯೊಳಗೇ ಇತ್ತು. ಬರಿಗಣ್ಣಿಗೆ ಏನೂ ಕಾಣುವಂತಿರಲಿಲ್ಲ: ಸ್ಫೋಟದ ದಿಕ್ಕು ಕ್ಷೀರಪಥದ ದಟ್ಟ ಧೂಳಿನ ಪಟ್ಟಿಗೆ ಅಂಟಿಕೊಂಡಿತ್ತು, ಮೇಲಾಗಿ ಅಂದು ಹುಣ್ಣಿಮೆ. ಸ್ವಿಫ್ಟ್ ಅದನ್ನು ಕಂಡದ್ದು ಐವತ್ತಮೂರು ನಿಮಿಷ ತಡವಾಗಿ. ಮೊದಲಿಗೆ ಅದನ್ನು ನಮ್ಮದೇ ಗೆಲಾಕ್ಸಿಯ ಘಟನೆಯೆಂದು ಭಾವಿಸಲಾಗಿತ್ತು. ರೋಹಿತವು 0.151 ಕೆಂಪು ಪಲ್ಲಟವನ್ನು, ಅಂದರೆ ಸುಮಾರು 190 ಕೋಟಿ ವರ್ಷ ಹಿಂದಿನ ಬೆಳಕನ್ನು ತೋರಿಸಿತು. ಅದರೊಳಗಿನ ಸೂಪರ್‌ನೋವಾವನ್ನು ಜೇಮ್ಸ್ ವೆಬ್ ದೂರದರ್ಶಕ ಸುಮಾರು ಆರು ತಿಂಗಳ ನಂತರ ಗುರುತಿಸಿತು.

2008ರ ಮಾರ್ಚ್ 19ರ ಸ್ಫೋಟದ ಬೆಳಕು ಕೆಲವು ಸೆಕೆಂಡು ಬರಿಗಣ್ಣಿಗೆ ಕಾಣುವಷ್ಟು ಪ್ರಖರವಾಗಿ, 5 ಮತ್ತು 6ನೇ ಕಾಂತಿಮಾನಗಳ ನಡುವೆ ಏರಿತ್ತು. ಅದು 750 ಕೋಟಿ ವರ್ಷ ಹಿಂದೆ ಹೊರಟ ಬೆಳಕು. ಆಗ ಮೈಸೂರಿನಲ್ಲಿ ಹಗಲು 11 ಗಂಟೆ 42 ನಿಮಿಷ.

ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಜಮೀನಿನಲ್ಲಿ, ತಾರಾಲಯವನ್ನೂ ದತ್ತಾಂಶ ವಿಶ್ಲೇಷಣೆಯ ತರಬೇತಿಯನ್ನೂ ಒಳಗೊಂಡ ಕಾಸ್ಮೋಸ್ ಕೇಂದ್ರಕ್ಕೆ 2022ರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಶಂಕುಸ್ಥಾಪನೆಯಾಯಿತು. ನಗರದ ದೀಪಗಳ ನಡುವೆ ಮಂಕು ಗೆಲಾಕ್ಸಿಗಳನ್ನು ಹುಡುಕುವುದು ಸಾಧ್ಯವಿಲ್ಲ. ಆದರೆ ಇಪ್ಪತ್ತು ಸೆಂಟಿಮೀಟರ್ ವ್ಯಾಸದ ದೂರದರ್ಶಕಕ್ಕೆ ಡಿಜಿಟಲ್ ಕ್ಯಾಮೆರಾ ಜೋಡಿಸಿದರೆ, 2003ರ ಸ್ಫೋಟದಂಥ ಪ್ರಖರ ಉತ್ತರದೀಪ್ತಿಯನ್ನು ಊರ ಹೊರಗಿನಿಂದ ಮೊದಲ ಗಂಟೆಗಳಲ್ಲಿ ಅಳೆಯಬಹುದು. ಸ್ಫೋಟಗಳ ಸೂಚನೆಗಳನ್ನೂ ವೀಕ್ಷಕರ ವರದಿಗಳನ್ನೂ ನಾಸಾದ ಜಿಸಿಎನ್ ಜಾಲ ಉಚಿತವಾಗಿ ಪ್ರಕಟಿಸುತ್ತದೆ. ಹವ್ಯಾಸಿ ವೀಕ್ಷಕರ ಮಾಪನಗಳೂ ಅಲ್ಲಿ ವೃತ್ತಿಪರರ ವರದಿಗಳ ಜೊತೆಯಲ್ಲೇ ಪ್ರಕಟವಾಗುತ್ತವೆ.