ಸೆನ್ಸರ್ ಬಾರ್‌ಗೆ ಕಣ್ಣಿಲ್ಲ

ನಿಂಟೆಂಡೊ ವೀ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಲು ಡಾಲ್ಫಿನ್ ಎಮ್ಯುಲೇಟರ್ ಹಾಕಿಕೊಂಡವರು ಹೆಚ್ಚಾಗಿ ಒಂದೇ ಕಡೆ ಸಿಕ್ಕಿಬೀಳುತ್ತಾರೆ. ರಿಮೋಟ್ ಬ್ಲೂಟೂತ್‌ಗೆ ಕೂಡಿಕೊಳ್ಳುತ್ತದೆ, ಬಟನ್‌ಗಳು ಕೆಲಸ ಮಾಡುತ್ತವೆ, ಪರದೆಯ ಮೇಲಿನ ಕರ್ಸರ್ ಮಾತ್ರ ಕಾಣಿಸುವುದೇ ಇಲ್ಲ. ಟಿವಿಯ ಬಳಿ ಇಡುವ ಸೆನ್ಸರ್ ಬಾರ್ ನಮ್ಮ ಕೈಯನ್ನು ಗಮನಿಸಿ ಯಂತ್ರಕ್ಕೆ ವರದಿ ಮಾಡುತ್ತದೆ, ಅದನ್ನು ಕಂಪ್ಯೂಟರಿಗೆ ಜೋಡಿಸಲು ಬಾರದೆ ಹೀಗಾಯಿತು ಎಂಬುದು ಎಲ್ಲೆಡೆ ಹಬ್ಬಿರುವ ನಂಬಿಕೆ. ನಿಜಸ್ಥಿತಿ ಪೂರ್ತಿ ತಿರುಗುಮುರುಗು. ಬಾರ್‌ನ ಎರಡು ತುದಿಗಳಲ್ಲಿ ಇರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪಗಳು, ಅಷ್ಟೇ. ಅವುಗಳನ್ನು ನೋಡುವ ಕ್ಯಾಮೆರಾ ಇರುವುದು ರಿಮೋಟ್‌ನ ಮೂತಿಯಲ್ಲಿ, ಕಪ್ಪು ಪ್ಲಾಸ್ಟಿಕ್ಕಿನ ಹಿಂದೆ. ಎರಡು ಬೆಳಕಿನ ಚುಕ್ಕೆಗಳು ಎಲ್ಲಿ ಕಂಡವು ಎಂಬುದರಿಂದ ಗುರಿ, ಅವುಗಳ ನಡುವಿನ ಅಂತರದಿಂದ ದೂರ, ಓರೆಯಿಂದ ಮಣಿಕಟ್ಟಿನ ತಿರುವು ಲೆಕ್ಕಕ್ಕೆ ಸಿಗುತ್ತದೆ.

ಇದಕ್ಕೆ ಸಾಕ್ಷಿ ಮನೆಯಲ್ಲೇ ಇದೆ. ಮೇಣದಬತ್ತಿಯ ಜ್ವಾಲೆಯಲ್ಲೂ ಇನ್‌ಫ್ರಾರೆಡ್ ಇರುತ್ತದೆ. ಸೋಮವಾರಪೇಟೆಯಲ್ಲಿ ಮಳೆಗಾಲದ ರಾತ್ರಿ ಕರೆಂಟು ಹೋದಾಗ, ಬ್ಯಾಟರಿಯಲ್ಲಿ ಓಡುವ ಲ್ಯಾಪ್‌ಟಾಪಿನ ಮುಂದೆ ಸುಮಾರು 20 ಸೆಂಟಿಮೀಟರ್ ಅಂತರದಲ್ಲಿ ಎರಡು ಮೇಣದಬತ್ತಿ ಹಚ್ಚಿಟ್ಟರೂ ಸಾಕು, ಕರ್ಸರ್ ಕೈಯ ಹಿಂದೆ ಬರುತ್ತದೆ. (ಪರದೆಗೆ ಬಿಸಿ ತಾಗದಷ್ಟು ದೂರವಿರಲಿ.) ಬೇಸಿಗೆಯ ಹಗಲಲ್ಲಿ ತೆರೆದ ಕಿಟಕಿಗೆ ಬೆನ್ನು ಮಾಡಿದ ಪರದೆಯ ಮೇಲೆ ಕರ್ಸರ್ ಅಡ್ಡಾದಿಡ್ಡಿ ಹಾರುವುದಕ್ಕೂ ಇದೇ ಕಾರಣ: ರಿಮೋಟ್ ಬಿಸಿಲನ್ನೂ ದೀಪವೆಂದೇ ಎಣಿಸುತ್ತದೆ. ಹಾಗಿದ್ದರೆ ಬಾರ್‌ನ ತಂತಿಯನ್ನು ಕನ್ಸೋಲ್‌ಗೆ ಸಿಕ್ಕಿಸುವುದೇಕೆ ಎಂದು ಕೇಳಬಹುದು. ದೀಪಕ್ಕೆ ವಿದ್ಯುತ್ ಬೇಕಲ್ಲ. ಆ ತಂತಿಯಲ್ಲಿ ಮಾಹಿತಿ ಹರಿಯುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸಿದೊಡನೆ ಎಲ್ಲ ಸರಿಯಾಗುವ ಮೇಫ್ಲ್ಯಾಶ್ ಕಂಪನಿಯ ಡಾಲ್ಫಿನ್‌ಬಾರ್ ಈ ಮಾತಿಗೆ ಅಪವಾದದಂತೆ ಕಾಣುತ್ತದೆ. ಅದರಲ್ಲಿ ದೀಪಗಳ ಜೊತೆಗೆ ಬ್ಲೂಟೂತ್ ರಿಸೀವರ್ ಕೂಡ ಅಡಕವಾಗಿದೆ. ರಿಮೋಟ್‌ನ ಮಾಹಿತಿಯನ್ನು ಕಂಪ್ಯೂಟರಿಗೆ ತಲುಪಿಸುವುದು ಆ ರಿಸೀವರ್, ದೀಪಗಳಲ್ಲ.

ಈ ತಪ್ಪಿನ ಬೇರು ಇನ್ನೂ ಆಳದಲ್ಲಿದೆ. ಚಲನೆ ಎಂದರೆ ಒಂದೇ ಅಳತೆ ಎಂದು ನಾವು ಭಾವಿಸಿದ್ದೇವೆ. ವೀಯಲ್ಲಿ ಮೂರು ಅಳತೆಗಳಿವೆ. ಕ್ಯಾಮೆರಾ ಗುರಿಯನ್ನು ಹೇಳುತ್ತದೆ. ಆಕ್ಸಿಲರೋಮೀಟರ್ ಬೀಸು, ಅಲುಗಾಟ ಮತ್ತು ವಾಲುವಿಕೆಯನ್ನು ಹೇಳುತ್ತದೆ. ರಿಮೋಟನ್ನು ಸಮತಲದಲ್ಲಿ ಎಡಕ್ಕೋ ಬಲಕ್ಕೋ ತಿರುಗಿಸಿದರೆ ಗುರುತ್ವದ ದಿಕ್ಕು ಬದಲಾಗದ ಕಾರಣ ಆಕ್ಸಿಲರೋಮೀಟರ್‌ಗೆ ಆ ತಿರುವು ತಿಳಿಯುವುದಿಲ್ಲ. ಆ ಕೊರತೆ ತುಂಬಲು 2009ರಲ್ಲಿ ಬಂದದ್ದು ಗೈರೋಸ್ಕೋಪ್ ಇರುವ ಮೋಷನ್‌ಪ್ಲಸ್. ಆದ್ದರಿಂದ ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮೊದಲು ಕೇಳಬೇಕಾದದ್ದು, ಈ ಆಟ ಮೂರರಲ್ಲಿ ಯಾವುದನ್ನು ಓದುತ್ತದೆ ಎಂದು. 2006ರ ವೀ ಸ್ಪೋರ್ಟ್ಸ್‌ನ ಟೆನಿಸ್ ಬೀಸಿಗೆ ಆಕ್ಸಿಲರೋಮೀಟರ್ ಸಾಕು. 2011ರ ಜೆಲ್ಡಾ ಸ್ಕೈವರ್ಡ್ ಸೋರ್ಡ್ ಮೋಷನ್‌ಪ್ಲಸ್ ಇಲ್ಲದೆ ನಡೆಯುವುದೇ ಇಲ್ಲ.

ಅಸಲಿ ರಿಮೋಟ್ ಇಲ್ಲದಿದ್ದರೆ ಆಡುವುದೇ ವ್ಯರ್ಥ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಡಾಲ್ಫಿನ್‌ನಲ್ಲಿ ‘ಎಮ್ಯುಲೇಟೆಡ್ ವೀ ರಿಮೋಟ್’ ಆರಿಸಿ ಗುರಿಯನ್ನು ಮೌಸ್‌ಗೂ ಬೀಸನ್ನು ಒಂದು ಕೀಲಿಗೂ ಒಪ್ಪಿಸಿದರೆ ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಏನೂ ಕಳೆದುಕೊಂಡಂತಾಗುವುದಿಲ್ಲ. ಮೌಸ್ ಕೈಗಿಂತ ಸ್ಥಿರ. ಆದರೆ ಕತ್ತಿಯ ಕೋನವೇ ಜೀವಾಳವಾದ ಸ್ಕೈವರ್ಡ್ ಸೋರ್ಡನ್ನು ಕೀಲಿಗಳಿಗೆ ಇಳಿಸಿದರೆ ಆಟ ಸತ್ತೇಹೋಗುತ್ತದೆ. ಅಂಥಲ್ಲಿ ಗೈರೋ ಇರುವ ಮೊಬೈಲ್ ಫೋನಿನ ಚಲನೆಯನ್ನು ವೈಫೈ ಮೂಲಕ ಡಾಲ್ಫಿನ್‌ಗೆ ಕಳಿಸಬಹುದು. ಮನೆಯ ರೌಟರ್ ಸಾಕು, ಹೊರಗಿನ ಇಂಟರ್‌ನೆಟ್ ಬೇಡ. ಗಾಳಿಮಳೆಗೆ ನೆಟ್‌ವರ್ಕ್ ಕೈಕೊಡುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಗೈರೋ ತಿರುಗಿದ ವೇಗವನ್ನಷ್ಟೇ ಅಳೆಯುವುದರಿಂದ ದಿಕ್ಕು ನಿಧಾನವಾಗಿ ಜಾರುತ್ತದೆ. ಅದನ್ನು ನಡುವಿಗೆ ತರುವ ಬಟನ್ ಒಂದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಆಟ ಎಳೆದೆಳೆದು ಓಡಿದರೆ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿಯುವುದು ಇನ್ನೊಂದು ಅವಸರ. ವೀ ಪ್ರೊಸೆಸರ್‌ನ ಆದೇಶಗಳನ್ನು ಕ್ಷಣಕ್ಷಣಕ್ಕೂ ಅನುವಾದಿಸುವ ಹೊರೆ ಬೀಳುವುದು ಕಂಪ್ಯೂಟರಿನ ಪ್ರೊಸೆಸರ್ ಮೇಲೆ, ಅದರಲ್ಲೂ ಒಂದೊಂದು ಕೋರ್‌ನ ವೇಗದ ಮೇಲೆ. ಗ್ರಾಫಿಕ್ಸ್ ಕಾರ್ಡಿಗೆ ಹೊರೆಯಾಗುವ ಇಂಟರ್ನಲ್ ರೆಸಲ್ಯೂಶನ್ ಅನ್ನು ಡಾಲ್ಫಿನ್‌ನಲ್ಲಿ ಮೂಲ ಮಟ್ಟಕ್ಕೆ ಇಳಿಸಿ ನೋಡಿ. ವೇಗ ಏರದಿದ್ದರೆ ಹೊಸ ಕಾರ್ಡ್ ತಂದು ಪ್ರಯೋಜನವಿಲ್ಲ.