ಹೆಂಚಿನ ಬೆನ್ನ ಮೇಲಿನ ಹೆಸರು

ಕಾಪುವಿನಲ್ಲೋ ಕಾರ್ಕಳದಲ್ಲೋ ಹಳೆಯ ಮನೆಯೊಂದನ್ನು ಬಿಚ್ಚುವಾಗ ಹೆಂಚುಗಳನ್ನು ಅಂಗಳದ ಬದಿಯಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಅದರಲ್ಲಿ ಒಂದನ್ನು ಎತ್ತಿ, ಮಗುಚಿ, ಪಾಚಿ ಒರೆಸಿ ನೋಡಿ. ಉಬ್ಬಕ್ಷರಗಳಲ್ಲಿ ಒಂದು ಕಾರ್ಖಾನೆಯ ಹೆಸರಿರುತ್ತದೆ. ಅದೃಷ್ಟವಿದ್ದರೆ ಬಾಸೆಲ್ ಮಿಶನ್ ಟೈಲ್ ವರ್ಕ್ಸ್ ಎಂಬ ಹೆಸರೂ 1865 ಎಂಬ ಇಸವಿಯೂ ಸಿಗಬಹುದು. ಕಾರ್ಖಾನೆ ಆರಂಭವಾದ ವರ್ಷವನ್ನೇ ಅಚ್ಚಿನಲ್ಲಿ ಕೆತ್ತಿಸಿದ್ದರಿಂದ, ಎಷ್ಟೋ ವರ್ಷಗಳ ಬಳಿಕ ಸುಟ್ಟ ಹೆಂಚಿನ ಮೇಲೂ ಅದೇ ಇಸವಿ ಬಂದಿದೆ.

ಮಂಗಳೂರು ಹೆಂಚು ಕರಾವಳಿಯ ನಮಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಅದು ಮುರಕಲ್ಲಿನಷ್ಟೇ ಹಳೆಯದು, ತೆಂಗಿನ ಮರದಷ್ಟೇ ಇಲ್ಲಿನದು ಎಂದು ಭಾವಿಸಿದ್ದೇವೆ. ಮಣ್ಣು ಇಲ್ಲಿನದೇ, ದುಡಿದ ಕೈಗಳೂ ಇಲ್ಲಿನವೇ. ಆದರೆ ಆ ಹೆಂಚಿನ ವಿದ್ಯೆ ಹಡಗು ಹತ್ತಿ ಬಂದದ್ದು. ಹೊರದೇಶದಿಂದ ಕಸುಬುದಾರರನ್ನು ಕರೆಸಿಕೊಳ್ಳುವುದು ಹೊಸ ಸಂಗತಿ ಎಂದು ಈಗ ಮಾತಾಡುತ್ತೇವೆ. ನಮ್ಮ ಜಿಲ್ಲೆಗಳಲ್ಲಿ ಅದು ನಡೆದು ನೂರಾ ಎಪ್ಪತ್ತು ವರ್ಷಗಳಾದವು. ಅದು ಹೇಗೆ ಫಲಿಸಿತು ಎಂಬುದನ್ನು ತಿಳಿಯಬೇಕಾದರೆ ಒಂದು ಹೆಂಚು ಹೇಗೆ ಆಗುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಅವರು ಬಂದದ್ದು ಮತಪ್ರಚಾರಕ್ಕೆ. ಆದರೆ ಕ್ರೈಸ್ತರಾದವರು ಜಾತಿಯಿಂದ ಹೊರಬಿದ್ದರು. ಅದರೊಡನೆ ಗೇಣಿಯ ಗದ್ದೆ, ಕುಲಕಸುಬು ಎಲ್ಲವೂ ಕೈತಪ್ಪಿತು. ಅವರ ಹೊಟ್ಟೆಪಾಡಿಗೆ ದಾರಿ ಮಾಡಬೇಕಾಯಿತು. ಆಗ ಮಿಶನ್ ಯುರೋಪಿನಿಂದ ಬೋಧಕರ ಜೊತೆಗೆ ಕಸುಬು ಬಲ್ಲವರನ್ನೂ ಆರಿಸಿ ಕಳುಹಿಸತೊಡಗಿತು. ನೇಯ್ಗೆ ಬಲ್ಲ ಜಾನ್ ಹಾಲರ್ 1851ರಲ್ಲಿ ಬಂದು ಮಗ್ಗಗಳನ್ನೂ ಬಣ್ಣದ ಮನೆಯನ್ನೂ ಕಟ್ಟಿದರು. ಗಟ್ಟಿಯಾಗಿ ನಿಲ್ಲುವ ಖಾಕಿ ಬಣ್ಣ ಅವರ ಕೈಯದೆಂದು ಕರಾವಳಿ ಇಂದಿಗೂ ಹೇಳಿಕೊಳ್ಳುತ್ತದೆ. ಯಂತ್ರಗಳ ಕೆಲಸ ಬಲ್ಲ ಜಾರ್ಜ್ ಪ್ಲೆಬ್ಸ್ಟ್ ಬಂದದ್ದು ಅಚ್ಚುಕೂಟಕ್ಕಾಗಿ. ಅಲ್ಲಿ ಕಲ್ಲಚ್ಚಿನಲ್ಲಿ ನಡೆಯುತ್ತಿದ್ದ ಕನ್ನಡ ಮುದ್ರಣವನ್ನು ಮೊಳೆಯಚ್ಚಿಗೆ ತಂದವರಲ್ಲಿ ಅವರದು ಮುಖ್ಯ ಹೆಸರು.

ಈ ಪ್ಲೆಬ್ಸ್ಟ್ ಅವರ ಗಮನ ಅಕ್ಷರದ ಮೊಳೆಗಳಿಂದ ನೇತ್ರಾವತಿಯ ದಂಡೆಯ ಮಣ್ಣಿನತ್ತ ಹೊರಳಿತು. ಆಗ ಕರಾವಳಿಯ ಹೆಚ್ಚಿನ ಮನೆಗಳ ಮಾಡು ಮುಳಿಹುಲ್ಲಿನದು ಇಲ್ಲವೇ ತೆಂಗಿನ ಮಡಲಿನದು. ವರ್ಷವರ್ಷವೂ ಹೊಸದಾಗಿ ಹೊದಿಸಬೇಕು. ಬೇಸಿಗೆಯಲ್ಲಿ ಒಂದು ಕಿಡಿ ಹಾರಿದರೆ ಕೇರಿಯೇ ಬೂದಿ. ಅನುಕೂಲವಿದ್ದವರ ಮನೆಗೆ ಕುಂಬಾರರು ಮಾಡಿದ ಅರ್ಧ ಕೊಳವೆಯಂಥ ನಾಡಹೆಂಚು. ಅದನ್ನು ಎರಡು ಪದರ ಹಾಸಬೇಕು, ಆದ್ದರಿಂದ ಮಾಡಿಗೆ ಭಾರ ಹೆಚ್ಚು. ಬೆಕ್ಕು ಓಡಿದರೂ ಮಂಗ ಹಾರಿದರೂ ಜರುಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ನಾಡಿನಲ್ಲಿ ಪ್ರತಿ ಮೇ ತಿಂಗಳು ಹೆಂಚು ಕೈಯಾಡಿಸದೆ ಗತಿಯಿಲ್ಲ.

ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸೋದರರು 1841ರಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಚಪ್ಪಟೆ ಹೆಂಚಿಗೆ ಪೇಟೆಂಟ್ ಪಡೆದಿದ್ದರು. ಆಲ್ಸೇಸ್ ಇರುವುದು ಬಾಸೆಲಿನ ನೆರೆಯಲ್ಲೇ. ಆ ಮಾದರಿ ನಮ್ಮ ಮಣ್ಣಿನಲ್ಲಿ ನಿಲ್ಲುತ್ತದೆಯೇ ಎಂದು ಪ್ಲೆಬ್ಸ್ಟ್ ಪ್ರಯೋಗ ನಡೆಸಿದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ಇಬ್ಬರು ಕೆಲಸಗಾರರು, ಮಣ್ಣು ಅರೆಯಲು ಒಂದು ಜೋಡಿ ಎತ್ತು, ದಿನಕ್ಕೆ 560 ಹೆಂಚು. ಅದು ಆರಂಭದ ಲೆಕ್ಕ.

ಇನ್ನು ಕೆಲಸಕ್ಕೆ ಬರೋಣ.

ಹೆಂಚಿಗೆ ಬೇಕಾದದ್ದು ಆವೆಮಣ್ಣು. ನದಿ ವರ್ಷವರ್ಷವೂ ತಂದು ಹರಡಿದ ನುಣುಪು ಜೇಡಿ ಬೈಲುಗದ್ದೆಗಳ ಅಡಿಯಲ್ಲಿ ಇರುತ್ತದೆ. ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ, ಮಳೆ ಹಿಡಿಯುವ ಮುಂಚೆ, ಅದನ್ನು ಅಗೆದು ದೋಣಿಗಳಲ್ಲಿ ತುಂಬಿ ತರುತ್ತಿದ್ದರು. ಹೆಂಚಿನ ಕಾರ್ಖಾನೆಗಳೆಲ್ಲ ಹೊಳೆಯ ದಂಡೆಯಲ್ಲೇ ಏಕಿವೆ ಎಂಬುದಕ್ಕೆ ಇದೇ ಉತ್ತರ: ಮಣ್ಣು ದೋಣಿಯಲ್ಲಿ ಬರಬೇಕು, ಸೌದೆ ದೋಣಿಯಲ್ಲಿ ಬರಬೇಕು, ಸುಟ್ಟ ಹೆಂಚು ದೋಣಿಯಲ್ಲೇ ಬಂದರಿಗೆ ಹೋಗಬೇಕು.

ಬಂದ ಮಣ್ಣನ್ನು ಕೂಡಲೇ ಬಳಸುವುದಿಲ್ಲ. ರಾಶಿ ಹಾಕಿ ಮಳೆ ಬಿಸಿಲಿಗೆ ಬಿಡುತ್ತಾರೆ. ತೀರಾ ಜಿಗುಟು ಮಣ್ಣೊಂದರಿಂದಲೇ ಮಾಡಿದರೆ ಒಣಗುವಾಗ ಹೆಂಚು ಸೀಳುತ್ತದೆ, ಸೊಟ್ಟಗಾಗುತ್ತದೆ. ಮರಳು ಹೆಚ್ಚಾದರೆ ನೀರು ಹೀರುತ್ತದೆ, ಅಂಚು ಉದುರುತ್ತದೆ. ಆದ್ದರಿಂದ ಬೇರೆ ಬೇರೆ ಗದ್ದೆಗಳ ಮಣ್ಣನ್ನು ಬೆರೆಸಬೇಕು. ಈ ಬೆರಕೆಯ ಅಳತೆ ಯಾವ ಯಂತ್ರದಲ್ಲೂ ಬಂದಿರಲಿಲ್ಲ. ಮುಷ್ಟಿಯಲ್ಲಿ ಹಿಚುಕಿ, ಹೆಬ್ಬೆರಳಿನಿಂದ ಎಳೆದು, ‘ಇದಕ್ಕೆ ಇನ್ನೊಂದು ಪಾಲು ಮರಳುಮಣ್ಣು ಬೇಕು’ ಎಂದು ಹೇಳಬಲ್ಲವರು ಇಲ್ಲಿ ತಲೆತಲಾಂತರದಿಂದ ಮಡಕೆ ಮಾಡಿಕೊಂಡು ಬಂದ ಕುಂಬಾರರು. ಕಡಲಾಚೆಯ ಕಸುಬು ಇಲ್ಲಿನ ಅರಿವಿನೊಡನೆ ಮೊದಲು ಕೂಡಿದ್ದು ಈ ಮಣ್ಣಿನ ರಾಶಿಯ ಬಳಿಯಲ್ಲೇ ಎಂದು ನನಗನಿಸುತ್ತದೆ.

ಬೆರೆಸಿದ ಮಣ್ಣನ್ನು ಅರೆದು, ಬೇರು ಹರಳು ತೆಗೆದು, ಗಾಳಿಗುಳ್ಳೆ ಉಳಿಯದಂತೆ ನಾದಿ, ದಪ್ಪ ಹಲಗೆಯಂಥ ತುಂಡುಗಳಾಗಿ ಕತ್ತರಿಸುತ್ತಾರೆ. ಈ ತುಂಡುಗಳನ್ನು ಸ್ವಲ್ಪ ಕಾಲ ಮುಚ್ಚಿಟ್ಟು ಹದಕ್ಕೆ ಬಿಡಬೇಕು. ಒಳಗಿನ ತೇವ ಎಲ್ಲೆಡೆ ಒಂದೇ ಆಗಬೇಕು. ಒಂದು ಬದಿ ಹಸಿ, ಒಂದು ಬದಿ ಒಣಗಲಾದರೆ ಆ ಹೆಂಚು ನೆಟ್ಟಗೆ ಬರುವುದಿಲ್ಲ.

ಅನಂತರ ಪ್ರೆಸ್ಸು. ತುಂಡಿಗೆ ಎಣ್ಣೆ ಸವರಿ ಅಚ್ಚಿನ ಮೇಲಿಡುತ್ತಾರೆ, ಮೇಲಿನ ಅಚ್ಚು ಇಳಿದು ಒತ್ತುತ್ತದೆ. ಬೆಳೆದ ಕಾರ್ಖಾನೆಗಳಲ್ಲಿ ಕೆಳಗಿನ ಅಚ್ಚು ಐದು ಮುಖದ ಉರುಳೆಯ ಮೇಲಿರುತ್ತದೆ. ಒಂದು ಮುಖದಲ್ಲಿ ತುಂಡು ಇಡುವುದು, ಇನ್ನೊಂದರಲ್ಲಿ ಒತ್ತುವುದು, ಮತ್ತೊಂದರಲ್ಲಿ ಒತ್ತಿದ ಹೆಂಚನ್ನು ಹಲಗೆಯ ಮೇಲೆ ಇಳಿಸಿಕೊಳ್ಳುವುದು. ಉರುಳೆ ತಿರುಗುತ್ತಲೇ ಇರುತ್ತದೆ. ಎದುರು ಬದುರು ನಿಂತವರ ಕೈಗಳು ಒಂದು ಕ್ಷಣ ತಡವಾದರೆ ಕೆಲಸ ಕೆಡುತ್ತದೆ, ಒಂದು ಕ್ಷಣ ಮುಂಚಾದರೆ ಬೆರಳು ಹೋಗುತ್ತದೆ. ಅಚ್ಚಿನಿಂದ ಹೊರಗೆ ಉಕ್ಕಿದ ಅಂಚನ್ನು ಕೆರೆದು ತೆಗೆಯುವ ಕೆಲಸ, ಹಸಿ ಹೆಂಚನ್ನು ಬೆರಳ ಗುರುತು ಮೂಡದಂತೆ ಹೊರುವ ಕೆಲಸ ಹೆಚ್ಚಾಗಿ ಹೆಂಗಸರದು. ಮಣ್ಣು ಒಣಗಿ ಸುಟ್ಟ ಮೇಲೆ ಕುಗ್ಗುವುದರಿಂದ ಅಚ್ಚನ್ನು ಮೊದಲೇ ಅಷ್ಟು ದೊಡ್ಡದಾಗಿ ಮಾಡಿಟ್ಟಿರಬೇಕು. ಎಷ್ಟು ದೊಡ್ಡದು ಎಂಬುದು ಆ ಊರಿನ ಮಣ್ಣನ್ನು ಅವಲಂಬಿಸಿದೆ. ಯುರೋಪಿನ ಅಚ್ಚನ್ನು ತಂದು ಹಾಗೆಯೇ ಒತ್ತಿದರೆ ಸಾಲದು ಎಂಬುದು ಇಲ್ಲಿ ಕಾಣುತ್ತದೆ.

ಒತ್ತಿದ ಹೆಂಚು ಬಿಸಿಲು ಕಾಣಬಾರದು. ನೆರಳಿನಲ್ಲಿ, ಅಟ್ಟಳಿಗೆಯ ಸಾಲುಗಳಲ್ಲಿ, ವಾರಗಟ್ಟಲೆ ಒಣಗಬೇಕು. ಆಟಿಯ ಮಳೆಯಲ್ಲಿ ಒಣಗಿಸುವುದು ಹೇಗೆ? ಅದಕ್ಕೇ ಆವಿಗೆಯ ಮೇಲೆಯೇ ಅಂತಸ್ತುಗಳನ್ನು ಕಟ್ಟಿ, ಕೆಳಗಿನ ಬೆಂಕಿಯ ಕಾವು ಮೇಲಿನ ಹಸಿ ಹೆಂಚುಗಳನ್ನು ಒಣಗಿಸುವಂತೆ ಮಾಡಿದರು. ಸುಡುವ ಕಾವು ಪೋಲಾಗದೆ ಎರಡು ಕೆಲಸ ಮಾಡಿತು.

ಕೊನೆಗೆ ಬೆಂಕಿ. ಮೊದಲು ಸಣ್ಣ ಉರಿ. ಮಣ್ಣಿನೊಳಗೆ ಅಡಗಿದ ನೀರು ಮೆಲ್ಲಗೆ ಹೊರಡಬೇಕು. ಅವಸರ ಮಾಡಿದರೆ ಒಳಗೇ ಆವಿಯಾಗಿ ಹೆಂಚು ಸಿಡಿಯುತ್ತದೆ. ಬಳಿಕ ಉರಿ ಏರಿಸುತ್ತ ಎಂಟುನೂರು, ಒಂಬೈನೂರು ಡಿಗ್ರಿಯವರೆಗೆ ಒಯ್ಯಬೇಕು. ಉಷ್ಣಮಾಪಕವಿಲ್ಲದ ದಿನಗಳಲ್ಲಿ ಕಂಡಿಯಿಂದ ಇಣುಕಿ, ಒಳಗಿನ ಕೆಂಪು ಬಣ್ಣ ನೋಡಿಯೇ ಕಾವನ್ನು ಅಳೆಯುತ್ತಿದ್ದರು. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಆ ಕಾವಿನಲ್ಲಿ ನಮಗೆಲ್ಲ ಗೊತ್ತಿರುವ ಕೆಂಪಾಗುತ್ತದೆ. ತಣಿಯಲು ಮತ್ತೆ ದಿನಗಳು ಬೇಕು. ಹೊರಗೆ ಬಂದ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಠಣ್ ಎಂದು ಲೋಹದಂತೆ ನುಡಿದರೆ ಮೇಲ್ದರ್ಜೆ. ದಬ್ ಎಂದು ಮಂಕಾಗಿ ನುಡಿದರೆ ಒಳಗೆ ಬಿರುಕಿದೆ ಇಲ್ಲವೇ ಬೆಂದಿಲ್ಲ. ಮನೆ ಕಟ್ಟುವ ಹಿರಿಯರು ಇಂದಿಗೂ ಹೆಂಚು ಕೊಳ್ಳುವಾಗ ಕಣ್ಣಿಗಿಂತ ಕಿವಿಯನ್ನೇ ನಂಬುತ್ತಾರೆ.

ಹೀಗೆ ಆದ ಹೆಂಚು ಎರಡರಿಂದ ಮೂರು ಕಿಲೋ ತೂಗುತ್ತದೆ. ಒಂದು ಚದರ ಮೀಟರಿಗೆ ಸುಮಾರು 15 ಸಾಕು. ಅಡಿಯಲ್ಲಿರುವ ಎರಡು ಮೂಗುಗಳು ರೀಪಿಗೆ ಸಿಕ್ಕಿಕೊಳ್ಳುತ್ತವೆ. ಪಕ್ಕದ ತೋಡು ಪಕ್ಕದ ಹೆಂಚಿನ ಏಣನ್ನು ಹಿಡಿಯುತ್ತದೆ, ಮೇಲಿನ ಸಾಲು ಕೆಳಗಿನದರ ಮೇಲೆ ಕೂರುತ್ತದೆ. ಒಂದು ಮೊಳೆಯೂ ಬೇಡ. ಬಿದ್ದ ಮಳೆ ಎರಡು ಕಾಲುವೆಗಳಲ್ಲಿ ಇಳಿದು ಅಂಗಳ ಸೇರುತ್ತದೆ, ಅಡುಗೆಮನೆಯ ಹೊಗೆ ಸಂದುಗಳಿಂದ ಮೇಲೆ ಹೋಗುತ್ತದೆ. ಒಡೆದರೆ ಒಡೆದ ಒಂದನ್ನೇ ಬದಲಿಸಿದರಾಯಿತು. ನಡುವೆ ಒಂದು ಗಾಜಿನ ಹೆಂಚು ಇಟ್ಟರೆ ಕತ್ತಲೆಯ ಕೋಣೆಗೆ ಬೆಳಕಿನ ಕಂಬ ಇಳಿಯುತ್ತದೆ. ಆ ಬೆಳಕಿನಲ್ಲಿ ತೇಲುವ ಧೂಳಿನ ಕಣಗಳನ್ನು ನೋಡುತ್ತ ಬೆಳೆದವರು ನಮ್ಮಲ್ಲಿ ಎಷ್ಟು ಜನ!

ಈ ವಿದ್ಯೆ ಮಿಶನ್ನಿನ ಗೋಡೆಯೊಳಗೆ ಉಳಿಯಲಿಲ್ಲ. ಮೂರೇ ವರ್ಷಕ್ಕೆ, 1868ರಲ್ಲಿ, ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಮನೆತನದವರು ಹೆಂಚಿನ ಕಾರ್ಖಾನೆ ತೆರೆದರು. ಈ ಉದ್ಯಮಕ್ಕೆ ಇಳಿದ ಮೊದಲ ಭಾರತೀಯರು ಅವರು. ಮಿಶನ್ ತಾನೂ 1882ರಲ್ಲಿ ಕುದ್ರೋಳಿಗೆ, 1886ರಲ್ಲಿ ನಮ್ಮ ಉಡುಪಿಯ ಮಲ್ಪೆಗೆ ಕೆಲಸವನ್ನು ವಿಸ್ತರಿಸಿತು. ಮೀನಿನ ಬಂದರೆಂದೇ ನಾವು ಬಲ್ಲ ಮಲ್ಪೆ ಹೆಂಚಿನ ಊರೂ ಆಯಿತು. ಅದೇ 1886ರಲ್ಲಿ ಮಂಗಳೂರಿನ ಮಿಶನ್ ಅಚ್ಚುಕೂಟದಿಂದ ಮಿಶನ್ನಿನವರೇ ಆದ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು ಹೊರಬಂತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಕೆಲಸ ಕಲಿಸಬೇಕಾದರೆ ಕಲಿಯುವವರ ಮಾತು ಬರಬೇಕು. ಬಂದವರು ಕನ್ನಡ ಕಲಿತರು, ತುಳು ಕಲಿತರು. ಕಿಟ್ಟೆಲರ 1894ರ ಕನ್ನಡ ನಿಘಂಟೂ ಇದೇ ಪರಂಪರೆಯದು.

ಈ ವಿದ್ಯೆ ನಿಜವಾಗಿ ಇಳಿದಿತ್ತೇ ಎಂಬುದಕ್ಕೆ ಪರೀಕ್ಷೆ 1914ರಲ್ಲಿ ಬಂತು. ಮೊದಲ ಮಹಾಯುದ್ಧ ಆರಂಭವಾಗಿ ಮಿಶನ್ನಿನಲ್ಲಿದ್ದ ಜರ್ಮನ್ನರು ಶತ್ರುಗಳೆನಿಸಿದರು. ಅವರನ್ನು ಬಂಧಿಸಿದರು, ದೇಶದಿಂದ ಕಳುಹಿಸಿದರು. ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಕಲಿಸಿದವರು ಹೋದರೂ ಆವಿಗೆಗಳು ಆರಲಿಲ್ಲ. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಹತ್ತಾರು ಚಿಮಣಿಗಳು ಎದ್ದವು. ಬರ್ಮಾ, ಸಿಲೋನ್, ಪೂರ್ವ ಆಫ್ರಿಕಾದ ಮನೆಗಳಿಗೆ ನಮ್ಮ ಹೆಂಚು ಹಡಗಿನಲ್ಲಿ ಹೋಯಿತು. ಕಸುಬು ಊರಿನದೇ ಆಗಿಬಿಟ್ಟಿತ್ತು.

ಈ ಉದ್ಯಮಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಮಣ್ಣು ತೆಗೆದ ಗದ್ದೆಗಳು ಹೊಂಡಗಳಾದವು, ಆವಿಗೆಗಳು ಕಾಡಿನ ಸೌದೆಯನ್ನು ನುಂಗಿದವು. ಮಣ್ಣಿನ ಅಭಾವ, ಕಾಂಕ್ರೀಟಿನ ತಾರಸಿ, ತಗಡಿನ ಶೀಟು ಸೇರಿ ಒಂದೊಂದೇ ಕಾರ್ಖಾನೆ ಮುಚ್ಚಿತು. ಹೆಂಚಿನ ಮಾಡಿನ ಪೂರ್ಣ ವೈಭವವನ್ನು ಒಂದೇ ಕಡೆ ನೋಡಬೇಕೆನ್ನುವವರು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಬೇಕು. ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಜಂತಿ, ಪಕಾಸು, ರೀಪು, ಹೆಂಚು ಒಂದನ್ನೊಂದು ಹೊತ್ತು ನಿಂತ ಬಗೆ ಅಲ್ಲಿ ಕಣ್ಣೆತ್ತಿದರೆ ಕಾಣುತ್ತದೆ.

ಇಂದು ಪಯಣದ ದಿಕ್ಕು ಬದಲಾಗಿದೆ. 1923ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಇಂದು ಉಡುಪಿ, ಮಣಿಪಾಲದಲ್ಲಿ ಕಲಿತ ದಾದಿಯರನ್ನು ಹೊರದೇಶದ ಆಸ್ಪತ್ರೆಗಳು ಕರೆಯುತ್ತಿವೆ. ಇಸ್ರೇಲಿನ ಮನೆಗಳಲ್ಲಿ ಮುದುಕರನ್ನು ನೋಡಿಕೊಳ್ಳುವವರಲ್ಲಿ ನಮ್ಮ ಕರಾವಳಿಯವರಿದ್ದಾರೆ. ಪ್ಲೆಬ್ಸ್ಟ್ ಅವರ ನಾಡಾದ ಜರ್ಮನಿಯೇ ಕಸುಬು ಬಲ್ಲ ವಿದೇಶಿಯರಿಗಾಗಿ 2020ರಲ್ಲಿ ಹೊಸ ವಲಸೆ ಕಾನೂನು ಜಾರಿಗೆ ತಂದಿತು. 2024ರಲ್ಲಿ ನುರಿತ ಭಾರತೀಯರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಸಾರಿತು. ಅಲ್ಲಿಗೆ ಹೊರಟ ದಾದಿ ಮೊದಲು ಜರ್ಮನ್ ಭಾಷೆ ಕಲಿಯುತ್ತಾಳೆ, ಮಂಗಳೂರಿಗೆ ಬಂದವರು ಕನ್ನಡ, ತುಳು ಕಲಿತ ಹಾಗೆಯೇ.

ಆದ್ದರಿಂದ ಕರೆಸಿಕೊಳ್ಳುವವರಿಗೂ ಕಳುಹಿಸಿಕೊಡುವವರಿಗೂ ನನ್ನದೊಂದು ಮಾತು. ಕಸುಬುದಾರ ಬಂದ ಊರಿನ ಮಣ್ಣನ್ನು ಅರಿಯಲು, ಮಾತು ಕಲಿಯಲು, ತನ್ನ ವಿದ್ಯೆಯನ್ನು ಪಕ್ಕದವರ ಕೈಗಿಡಲು ಬೇಕಾದ ಪುರುಸೊತ್ತನ್ನೂ ಗೌರವವನ್ನೂ ಕೊಡಿ. ವಿದ್ಯೆ ಕೈಯಿಂದ ಕೈಗೆ ದಾಟಲು ವರ್ಷಗಳು ಬೇಕು.

ಹಳೆಯ ಮನೆ ಬಿಚ್ಚುವವರಿಗೂ ಒಂದು ಕೋರಿಕೆ. ಹೆಂಚುಗಳನ್ನೆಲ್ಲ ಲಾರಿಗೆ ತುಂಬುವ ಮುಂಚೆ ಒಂದನ್ನಾದರೂ ಮಗುಚಿ ನೋಡಿ. ಹೆಸರಿದ್ದರೆ, ತಟ್ಟಿದಾಗ ಠಣ್ ಎಂದರೆ, ಅದನ್ನು ಹೊಸ ಮನೆಯ ಜಗಲಿಯ ಗೋಡೆಯಲ್ಲಿ ಅಕ್ಷರ ಹೊರಗೆ ಕಾಣುವಂತೆ ಕೂರಿಸಿ. ಮಕ್ಕಳು ಓದಲಿ.