ಶೆಟ್ಟಿಹಳ್ಳಿ ಚರ್ಚ್: ನೀರಲ್ಲಿ ನಿಂತ ಕಮಾನುಗಳ ಲೆಕ್ಕ

ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿ ಚರ್ಚನ್ನ ರೀಲ್ಸ್‌ನಲ್ಲಾದರೂ ನೋಡದವರು ನಮ್ಮ ಕ್ಯಾಂಪಸ್ಸಲ್ಲಿ ಕಡಿಮೆ. ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ಬುಡ ಸಮೇತ ಕಾಣಿಸೋ ಕಟ್ಟಡ. 'ತೇಲುವ ಚರ್ಚ್' ಅಂತಾರೆ. ತೇಲೋದೇನೂ ಇಲ್ಲ, ನಿಂತಲ್ಲೇ ಸವೆಯುತ್ತಿದೆ.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವಿದು. ಸುತ್ತಲಿನ ಕ್ರೈಸ್ತ ಕುಟುಂಬಗಳಿಗೆ ಪೂಜೆ, ಮದುವೆ, ಹಬ್ಬ ಎಲ್ಲಾ ಇಲ್ಲೇ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, 1979ರಲ್ಲಿ ಮುಗೀತು. ಹಿನ್ನೀರು ಏರಿದಾಗ ಜನ ಮನೆ, ಹೊಲ ಬಿಟ್ಟು ಬೇರೆ ಕಡೆ ಹೋಗಬೇಕಾಯ್ತು. ಚರ್ಚನ್ನ ಹೊತ್ತುಕೊಂಡು ಹೋಗೋಕಾಗುತ್ತಾ?

ಈಗ ಚಾವಣಿ ಇಲ್ಲ, ಗೋಡೆ ಮತ್ತು ಚೂಪು ಕಮಾನುಗಳಿವೆ. ಚೂಪು ಯಾಕೆ? ಚಂದಕ್ಕಷ್ಟೇ ಅಲ್ಲ. ಕಮಾನು ತನ್ನ ಬುಡವನ್ನ ಪಕ್ಕಕ್ಕೆ ತಳ್ಳುತ್ತೆ. ಎತ್ತರ ಹೆಚ್ಚಿದಷ್ಟೂ ಆ ತಳ್ಳು ಕಡಿಮೆ. 4 ಮೀಟರ್ ಅಗಲಕ್ಕೆ ಅರ್ಧವೃತ್ತದ ಕಮಾನಿನ ಎತ್ತರ 2 ಮೀಟರ್. ಅದೇ ಅಗಲಕ್ಕೆ ಸಮಬಾಹು ಚೂಪು ಕಮಾನಿನದು ಸುಮಾರು 3.46 ಮೀಟರ್. ಮೇಲಿನ ಭಾರ ಏಕರೂಪ ಅಂತ ಇಟ್ಟುಕೊಂಡರೆ ಪಕ್ಕದ ತಳ್ಳು ಸುಮಾರು 40% ಇಳಿಯುತ್ತೆ. ಥರ್ಡ್ ಸೆಮ್‌ನಲ್ಲಿ ಕಲಿತ ಸೂತ್ರವೇ, ಹಾಕಿ ನೋಡಿ.

ಉಳಿದ ತಳ್ಳನ್ನ ತಡೆಯೋದು ಗೋಡೆಯ ಸ್ವಂತ ತೂಕ. ನೀರು ಕೈಯಿಡೋದು ಇಲ್ಲೇ. ನೀರು ಕುಡಿದ ಇಟ್ಟಿಗೆ ಗೋಡೆ ಘನ ಮೀಟರಿಗೆ ಹತ್ತಿರ ಹತ್ತಿರ 2000 ಕೆ.ಜಿ. ಅನ್ನೋಣ. ಮುಳುಗಿದ ಭಾಗಕ್ಕೆ 1000 ಕೆ.ಜಿ. ತೇಲುವ ಬಲ ಸಿಕ್ಕಿ, ಲೆಕ್ಕಕ್ಕೆ ಬರೋ ತೂಕ ಅರ್ಧ! ಎರಡೂ ಕಡೆ ನೀರು ಸಮ ಇರೋದರಿಂದ ಒತ್ತಡ ಗೋಡೆಯನ್ನ ಬೀಳಿಸಲ್ಲ. ಆದರೆ ಬುಡ ಹಗುರಾದಾಗ ಅಲೆಯ ಹೊಡೆತ, ಮಣ್ಣಿನ ಕುಸಿತ ತಡೆಯೋ ಶಕ್ತಿ ಕುಗ್ಗುತ್ತೆ.

ಇನ್ನು ಗಾರೆ. ಬೆಲ್ಲ, ಮೊಟ್ಟೆ ಹಾಕಿದ್ದಕ್ಕೇ ಇಷ್ಟು ಗಟ್ಟಿ ಅನ್ನೋ ಮಾತು ಕೇಳಿರ್ತೀರಿ. ಬೆಲ್ಲದ ಸಕ್ಕರೆ ಸುಣ್ಣವನ್ನ ನೀರಲ್ಲಿ ಚೆನ್ನಾಗಿ ಕರಗಿಸುತ್ತೆ, ಕಲಸೋದು ಸಲೀಸು. ಗಟ್ಟಿಯಾಗಿಸೋದು ಮಾತ್ರ ಗಾಳಿಯ ಕಾರ್ಬನ್ ಡೈಆಕ್ಸೈಡ್. ಸುಣ್ಣ ಮತ್ತೆ ಸುಣ್ಣದಕಲ್ಲಾಗುತ್ತೆ. ಹರಿಯೋ ಮಳೆನೀರು ಅದನ್ನೂ ನಿಧಾನಕ್ಕೆ ಕರಗಿಸುತ್ತೆ. ಪ್ರತಿ ವರ್ಷ ನೆನೆದು ಒಣಗೋದು ಸಾಲದಕ್ಕೆ ಬಿರುಕಲ್ಲಿ ಗಿಡಗಳ ಬೇರು ಬೇರೆ. ಕೆಲವು ಭಾಗ ಆಗಲೇ ಬಿದ್ದಿವೆ.

ಸಿಮೆಂಟ್ ಬಳಿದರೆ ಆಯ್ತಲ್ಲ ಅಂತೀರಾ? ಸಿಮೆಂಟ್ ಬಿಗಿ, ಒಳಗಿನ ತೇವ ಹೊರಗೆ ಬಿಡಲ್ಲ, ಪಕ್ಕದ ಮೆತ್ತನೆ ಇಟ್ಟಿಗೆಯೇ ಉದುರೋಕೆ ಶುರುವಾಗುತ್ತೆ. ಸುಣ್ಣದ ಗಾರೆಯೇ ಬೇಕು. ಅದು ಗಾಳಿ ಕುಡಿದು ಗಟ್ಟಿಯಾಗೋಕೆ ತಿಂಗಳುಗಳು ಬೇಕು, ಇಲ್ಲಿ ನೆಲ ಒಣಗಿರೋದು ಬೇಸಿಗೆಯ ಕೆಲವೇ ತಿಂಗಳು. ಹಾಗಾಗಿ ಏನೇ ರಿಪೇರಿ ಮಾಡಿದರೂ ನೀರು ಇಳಿದ ವಾರವೇ ಶುರುಮಾಡಬೇಕು, ಬುಡದಿಂದ.